ಫ್ರೀ ವಿಡಿಯೋ ಕನ್ವರ್ಟರ್ ನಂಬಿ ಅಜ್ಜಿಯ ವಿಡಿಯೋ ಕಳೆದುಕೊಂಡೆ, ನೀವು ಹೀಗೆ ಮಾಡಬೇಡಿ

ಅಕ್ಕ ಫೋನ್ ಮಾಡಿದಾಗ ರಾತ್ರಿ ಹತ್ತು ಗಂಟೆ. "ಅಜ್ಜಿ ವಿಡಿಯೋ ಕಳಿಸಿದ್ಯಲ್ಲ, ಅದು ಮಧ್ಯದಲ್ಲೇ ನಿಂತುಹೋಗ್ತಿದೆ ಕಣೋ. ಪೂರ್ತಿ ಇರೋದು ಕಳಿಸು" ಅಂದಳು. ಡೌನ್‌ಲೋಡ್ ಅರ್ಧಕ್ಕೆ ನಿಂತಿರಬೇಕು ಅಂದುಕೊಂಡು ನನ್ನ ಕಂಪ್ಯೂಟರಿನಲ್ಲಿ ಅದೇ ಫೈಲ್ ತೆರೆದೆ. ಅಜ್ಜಿ ಅಕ್ಕನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಥೆ ಹೇಳುತ್ತಿದ್ದರು. "ಆಮೇಲೆ ಆ ನರಿ ಏನು ಮಾಡ್ತು ಗೊತ್ತಾ..." ಎಂದು ಕೈ ಎತ್ತಿದರು. ಅಷ್ಟೇ, ಪರದೆ ಕಪ್ಪಾಯಿತು. ಸರಿಯಾಗಿ 20ನೇ ನಿಮಿಷ. ಅದು 60 ನಿಮಿಷದ ವಿಡಿಯೋ.

ಮೂಲ ಫೈಲನ್ನು ನಾನು ಮೂರು ವಾರದ ಹಿಂದೆಯೇ ಅಳಿಸಿಬಿಟ್ಟಿದ್ದೆ. ಅಜ್ಜಿ ಈಗ ಇಲ್ಲ.

ಆಗಿದ್ದು ಇಷ್ಟು. ಹಳೆಯ ವಿಡಿಯೋ ಕ್ಯಾಮೆರಾದ ಮಿನಿ ಡಿವಿ ಟೇಪುಗಳನ್ನು ಎಷ್ಟೋ ವರ್ಷದ ಹಿಂದೆ ಕಂಪ್ಯೂಟರಿಗೆ ಇಳಿಸಿಟ್ಟಿದ್ದೆವು. ಆ ಬಗೆಯ ವಿಡಿಯೋ ಒಂದು ಗಂಟೆಗೆ ಸುಮಾರು 13 ಜಿಬಿ ತಿನ್ನುತ್ತದೆ. ನಾಲ್ಕು ಟೇಪು, 52 ಜಿಬಿ. ಡಿಸ್ಕ್ ತುಂಬಿಹೋಗಿತ್ತು. ಟೇಪುಗಳಿಗೆ ಬೂಷ್ಟು ಹಿಡಿದಿತ್ತು ಅಂತ ಎಸೆದಾಗಿತ್ತು, ಕ್ಯಾಮೆರಾ ಯಾವಾಗಲೋ ಕೆಟ್ಟಿತ್ತು. ಅಂದರೆ ಇದ್ದದ್ದು ಆ ಫೈಲುಗಳು ಮಾತ್ರ.

ಅವನ್ನು ಕುಗ್ಗಿಸೋಣ ಅಂತ, ವಿಡಿಯೋವನ್ನು ಬೇರೆ ರೂಪಕ್ಕೆ ಬದಲಾಯಿಸುವ ಫ್ರೀ ಕನ್ವರ್ಟರ್ ಹುಡುಕಿದೆ. ಮೊದಲು ಬಂದಿದ್ದನ್ನೇ ಒತ್ತಿದೆ. ಅದು ಜಾಹೀರಾತು ಅನ್ನೋದನ್ನು ಗಮನಿಸಲಿಲ್ಲ. ಇನ್‌ಸ್ಟಾಲ್ ಮಾಡುವಾಗ ನೆಕ್ಸ್ಟ್, ನೆಕ್ಸ್ಟ್ ಎಂದು ಒತ್ತುತ್ತಾ ಹೋದೆ. ಒಂದು ಪುಟದಲ್ಲಿ "ಕಸ್ಟಮ್" ಅನ್ನುವ ಆಯ್ಕೆ ಮಸುಕು ಬಣ್ಣದಲ್ಲಿ ಮೂಲೆಯಲ್ಲಿತ್ತು. ಅದನ್ನು ತೆರೆದಿದ್ದರೆ ಜೊತೆಗೆ ಇನ್ನೂ ಎರಡು ಸಾಫ್ಟ್‌ವೇರ್ ಬರುತ್ತಿದೆ ಅಂತ ಗೊತ್ತಾಗುತ್ತಿತ್ತು. ಮರುದಿನ ಬ್ರೌಸರಿನ ಮುಖಪುಟವೇ ಬದಲಾಗಿತ್ತು. ನಿಮ್ಮ ಕಂಪ್ಯೂಟರಿನಲ್ಲಿ ನೂರಾರು ದೋಷಗಳಿವೆ ಎಂದು ಹೆದರಿಸುವ ಕ್ಲೀನರ್ ಒಂದು ಬಂದು ಕೂತಿತ್ತು. ಇವನ್ನೆಲ್ಲ ಒಂದು ಸಂಜೆ ಕೂತು ತೆಗೆದೆ. ಅದು ಬರೀ ಕಿರಿಕಿರಿ. ನಷ್ಟ ಆಗಿದ್ದು ಬೇರೆ ಕಡೆ.

ಆ ಸಾಫ್ಟ್‌ವೇರಿನ ಫ್ರೀ ಆವೃತ್ತಿ ಪ್ರತಿ ವಿಡಿಯೋದ ಮೂರನೇ ಒಂದು ಭಾಗವನ್ನು ಮಾತ್ರ ಬದಲಾಯಿಸುತ್ತಿತ್ತು. ಶುರುವಿನಲ್ಲಿ ಹಾಗೆಂದು ಒಂದು ಚೌಕ ಬಂದಿತ್ತಂತೆ. ಆಮೇಲೆ ಮತ್ತೆ ಓಡಿಸಿ ನೋಡಿದಾಗ ಕಂಡಿತು, ಹಣ ಕಟ್ಟಿ ಎನ್ನುವ ದೊಡ್ಡ ಬಟನ್ನಿನ ಕೆಳಗೆ ಸಣ್ಣ ಅಕ್ಷರದಲ್ಲಿ. ಕೆಲಸ ಮುಗಿದಾಗ ಮಾತ್ರ ಹಸಿರು ಗುರುತು ಹಾಕಿ "ಯಶಸ್ವಿ" ಎಂದು ತೋರಿಸಿತ್ತು. 13 ಜಿಬಿ ಇದ್ದದ್ದು 300 ಎಂಬಿಗೆ ಇಳಿದಿತ್ತು. ನನಗೆ ಖುಷಿಯೋ ಖುಷಿ. ನಾಲ್ಕೂ ಫೈಲ್ ತೆರೆದು ಒಂದೊಂದು ನಿಮಿಷ ನೋಡಿದೆ. ಚಿತ್ರ ಚೆನ್ನಾಗಿತ್ತು, ಧ್ವನಿ ಸರಿಯಾಗಿತ್ತು. ಮೂಲೆಯಲ್ಲಿ ಕಂಪನಿಯ ಮುದ್ರೆ ಇತ್ತು, ಹೋಗಲಿ ಬಿಡು ಅಂದುಕೊಂಡೆ. ಮೂಲ ಫೈಲುಗಳನ್ನು ಅಳಿಸಿ ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿದೆ.

ಫೈಲಿನ ಪ್ರಾಪರ್ಟೀಸ್ ತೆರೆದು ಅವಧಿ ಎಷ್ಟು ಅಂತ ನೋಡಿದ್ದರೆ ಸಾಕಿತ್ತು. ಒಂದು ಕಡೆ 60 ನಿಮಿಷ, ಇನ್ನೊಂದು ಕಡೆ 20. ಐದು ಸೆಕೆಂಡಿನ ಕೆಲಸ.

ಅಳಿಸಿದ ಫೈಲುಗಳನ್ನು ವಾಪಸ್ ತರುವ ಪ್ರಯತ್ನವನ್ನೂ ಮಾಡಿದೆ. ಫೈಲ್ ಅಳಿಸಿದಾಗ ಹಾರ್ಡ್ ಡಿಸ್ಕಿನಿಂದ ಅದು ಆಗಲೇ ಮಾಯವಾಗುವುದಿಲ್ಲ, ಆ ಜಾಗ ಖಾಲಿ ಅಂತ ಗುರುತು ಬೀಳುತ್ತದೆ ಅಷ್ಟೇ. ಅದರ ಮೇಲೆ ಹೊಸದು ಬರೆಯುವವರೆಗೂ ಆಸೆ ಇಟ್ಟುಕೊಳ್ಳಬಹುದು. ನಾನೋ, ಜಾಗ ಸಿಕ್ಕಿತಲ್ಲ ಅಂತ ಅವತ್ತೇ ಫೋನಿನ ಫೋಟೋ, ವಿಡಿಯೋ ಎಲ್ಲ ಅಲ್ಲಿಗೆ ತುಂಬಿದ್ದೆ. ಹೆಸರು ಮಾತ್ರ ವಾಪಸ್ ಬಂತು. ಒಂದು ಫೈಲೂ ತೆರೆಯಲಿಲ್ಲ. ನಿಮಗೆ ಎಂದಾದರೂ ಹೀಗಾದರೆ ಮೊದಲು ಆ ಡಿಸ್ಕಿಗೆ ಏನನ್ನೂ ಬರೆಯಬೇಡಿ, ರಿಕವರಿ ಸಾಫ್ಟ್‌ವೇರನ್ನು ಕೂಡ ಅದರಲ್ಲೇ ಇನ್‌ಸ್ಟಾಲ್ ಮಾಡಬೇಡಿ. ಡಿಸ್ಕ್ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್ಪಿನ ಬಗೆಯದು) ಆಗಿದ್ದರೆ ವಾಪಸ್ ಸಿಗುವ ಸಾಧ್ಯತೆ ಇನ್ನೂ ಕಡಿಮೆ.

ಈಗ ಏನು ಬಳಸಬೇಕು ಅನ್ನೋ ವಿಷಯ. ಫ್ರೀ ಅಂದರೆ ಎರಡು ಬಗೆ. ಒಂದು, ರುಚಿ ತೋರಿಸಿ ಆಮೇಲೆ ಹಣ ಕೇಳುವುದು. ಇನ್ನೊಂದು ಮುಕ್ತ ತಂತ್ರಾಂಶ: ಅದರ ಕೋಡ್ ಯಾರು ಬೇಕಾದರೂ ನೋಡಬಹುದು, ಅದರಲ್ಲಿ ಅವಧಿಯ ಮಿತಿ ಇಲ್ಲ, ಮುದ್ರೆ ಇಲ್ಲ. ವಿಡಿಯೋ ಕುಗ್ಗಿಸುವ ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರ್ ಈ ಎರಡನೇ ಬಗೆಯದು, 2003ರಿಂದ ಇದೆ. ಎಫ್‌ಎಫ್‌ಎಂಪೆಗ್ ಅದಕ್ಕಿಂತ ಹಳೆಯದು, 2000ದಲ್ಲಿ ಶುರುವಾದದ್ದು. ಆದರೆ ಅದಕ್ಕೆ ಆಜ್ಞೆಗಳನ್ನು ಟೈಪ್ ಮಾಡಬೇಕು. ಹಣ ಕೇಳುವ ಎಷ್ಟೋ ಕನ್ವರ್ಟರುಗಳ ಒಳಗೆ ಓಡುವುದು ಇದೇ ಎಫ್‌ಎಫ್‌ಎಂಪೆಗ್.

ಒಳ್ಳೆಯ ಸಾಫ್ಟ್‌ವೇರನ್ನೂ ಅದರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ. ಹ್ಯಾಂಡ್‌ಬ್ರೇಕಿನದು ಹ್ಯಾಂಡ್‌ಬ್ರೇಕ್ ಡಾಟ್ ಎಫ್‌ಆರ್. ಅಲ್ಲೂ ಒಮ್ಮೆ ಎಡವಟ್ಟಾಗಿದೆ. 2017ರ ಮೇ ತಿಂಗಳಲ್ಲಿ ಅವರ ಒಂದು ಡೌನ್‌ಲೋಡ್ ಸರ್ವರಿಗೆ ಯಾರೋ ನುಗ್ಗಿ, ಮ್ಯಾಕ್ ಆವೃತ್ತಿಯ ಜಾಗದಲ್ಲಿ ಪ್ರೋಟಾನ್ ಎಂಬ ಕುತಂತ್ರಾಂಶ ಸೇರಿದ ಫೈಲ್ ಇಟ್ಟಿದ್ದರು. ಮೇ 2ರಿಂದ 6ರವರೆಗೆ ಅದು ಹಾಗೇ ಇತ್ತು. ಹ್ಯಾಂಡ್‌ಬ್ರೇಕ್ ತಂಡದವರೇ ಅದನ್ನು ಬಹಿರಂಗವಾಗಿ ಹೇಳಿ ಎಚ್ಚರಿಸಿದರು. ಡೌನ್‌ಲೋಡಿನ ಜೊತೆ ಕೊಡುವ ಚೆಕ್‌ಸಮ್ ಸಂಖ್ಯೆಯನ್ನು (ಫೈಲ್ ಬದಲಾಗಿದ್ದರೆ ಇದೂ ಬದಲಾಗುತ್ತದೆ) ಹೋಲಿಸಿ ನೋಡಿ ಅನ್ನುವುದು ಇದಕ್ಕೇ. ಇನ್ನು ವಿಡಿಯೋವನ್ನು ಯಾವುದೋ ತಾಣಕ್ಕೆ ಅಪ್‌ಲೋಡ್ ಮಾಡಿ ಬದಲಾಯಿಸುವುದಂತೂ ಬೇಡವೇ ಬೇಡ. ಫ್ರೀ ಫೈಲ್ ಕನ್ವರ್ಟರ್ ತಾಣಗಳ ಮೂಲಕ ಕುತಂತ್ರಾಂಶ ಹರಡುತ್ತಿದೆ ಎಂದು ಅಮೆರಿಕದ ಎಫ್‌ಬಿಐನ ಡೆನ್ವರ್ ಕಚೇರಿ 2025ರ ಮಾರ್ಚ್‌ನಲ್ಲಿ ಎಚ್ಚರಿಸಿತ್ತು. ಅದೂ ಅಲ್ಲದೆ ಮನೆಯವರ ವಿಡಿಯೋ ಯಾರ ಕೈಗೋ ಯಾಕೆ ಕೊಡಬೇಕು, ಅಲ್ವಾ?

ಹ್ಯಾಂಡ್‌ಬ್ರೇಕಿನಲ್ಲಿ ಮುಖ್ಯವಾದದ್ದು ಆರ್‌ಎಫ್ ಅನ್ನುವ ಸಂಖ್ಯೆ. ಅದು ಜಾಸ್ತಿ ಆದಷ್ಟೂ ಫೈಲ್ ಚಿಕ್ಕದಾಗುತ್ತದೆ, ಚಿತ್ರ ಕೆಡುತ್ತದೆ. 1080ಪಿ ವಿಡಿಯೋಗೆ 20ರಿಂದ 24, ಹಳೆಯ ಟೇಪಿನಂಥದ್ದಕ್ಕೆ 18ರಿಂದ 22 ಇಟ್ಟರೆ ಸರಿಹೋಗುತ್ತದೆ. ಟೇಪಿನ ವಿಡಿಯೋ ಆದರೆ ಡಿಇಂಟರ್‌ಲೇಸ್ ಆನ್ ಇದೆಯಾ ನೋಡಿ. ಆ ಕ್ಯಾಮೆರಾಗಳು ಒಂದು ಚಿತ್ರವನ್ನು ಎರಡು ಕಂತಿನಲ್ಲಿ, ಗೆರೆ ಬಿಟ್ಟು ಗೆರೆ ಹಿಡಿಯುತ್ತಿದ್ದವು. ಹಾಗೇ ಬಿಟ್ಟರೆ ಯಾರಾದರೂ ಕೈ ಆಡಿಸಿದಾಗ ಬಾಚಣಿಗೆ ಹಲ್ಲಿನಂಥ ಗೆರೆಗಳು ಕಾಣುತ್ತವೆ. ಕುಗ್ಗಿಸುವ ವಿಧಾನಗಳಲ್ಲಿ ಎಚ್.264 ಆರಿಸಿದರೆ ಹೆಚ್ಚುಕಡಿಮೆ ಎಲ್ಲ ಕಡೆ ಓಡುತ್ತದೆ. ಎಚ್.265 ಇನ್ನೂ ಚಿಕ್ಕದು ಮಾಡುತ್ತದೆ, ಆದರೆ ಹಳೆಯ ಟಿವಿಗಳಲ್ಲಿ ಓಡದೇ ಇರಬಹುದು.

ಎಂಕೆವಿ ಫೈಲ್ ಟಿವಿಯಲ್ಲಿ ಓಡುತ್ತಿಲ್ಲ ಅನ್ನೋದಷ್ಟೇ ನಿಮ್ಮ ಸಮಸ್ಯೆಯಾದರೆ ಕುಗ್ಗಿಸಲು ಹೋಗಬೇಡಿ. ಎಂಕೆವಿ, ಎಂಪಿ4 ಅನ್ನುವುದು ವಿಡಿಯೋ ಮತ್ತು ಧ್ವನಿಯನ್ನು ತುಂಬಿಡುವ ಡಬ್ಬಿ ಇದ್ದಂತೆ. ಎಷ್ಟೋ ಸಲ ಆ ಹೊರಗಿನ ಡಬ್ಬಿ ಬದಲಾಯಿಸಿದರೆ ಸಾಕು, ಒಳಗಿನ ವಿಡಿಯೋ ಮುಟ್ಟಬೇಕಿಲ್ಲ. ಹ್ಯಾಂಡ್‌ಬ್ರೇಕ್ ಇದನ್ನು ಮಾಡುವುದಿಲ್ಲ, ಲಾಸ್‌ಲೆಸ್‌ಕಟ್ ಎಂಬ ಇನ್ನೊಂದು ಮುಕ್ತ ತಂತ್ರಾಂಶ ಮಾಡುತ್ತದೆ. ಸ್ವಲ್ಪ ಹೊತ್ತಿನಲ್ಲಿ ಮುಗಿಯುತ್ತದೆ, ಚಿತ್ರ ಒಂದು ಚೂರೂ ಕೆಡುವುದಿಲ್ಲ.

ಕುಗ್ಗಿಸಿದ ಮೇಲೆ ಅವಧಿ ಹೋಲಿಸಿ. ಶುರು, ಮಧ್ಯ, ಕೊನೆ ಮೂರೂ ಕಡೆ ಓಡಿಸಿ ನೋಡಿ. ಕೊನೆಯಲ್ಲಿ ತುಟಿ ಮತ್ತು ಮಾತು ಹೊಂದುತ್ತಿವೆಯಾ ಅಂತ ವಿಶೇಷವಾಗಿ ಗಮನಿಸಿ, ಫೋನಿನ ವಿಡಿಯೋಗಳಲ್ಲಿ ಅದು ಆಗಾಗ ತಪ್ಪುತ್ತದೆ. ಮತ್ತೆ ತೆಗೆಯಲಾಗದ ವಿಡಿಯೋ ಆದರೆ ಮೂಲ ಫೈಲನ್ನು ಅಳಿಸಲೇಬೇಡಿ, ಇನ್ನೊಂದು ಡಿಸ್ಕಿಗೆ ಹಾಕಿಡಿ.

ಹೋದ ತಿಂಗಳು ಅಕ್ಕನ ಹಳೆಯ ಲ್ಯಾಪ್‌ಟಾಪಿನಲ್ಲಿ ಮೊದಲನೇ ಟೇಪಿನ ಪೂರ್ತಿ ಪ್ರತಿ ಸಿಕ್ಕಿತು. ಹ್ಯಾಂಡ್‌ಬ್ರೇಕಿನಲ್ಲಿ ಹಾಕಿದಾಗ ಒಂದೂಕಾಲು ಜಿಬಿಗೆ ಬಂತು. ಇಬ್ಬರೂ ಕೂತು 60 ನಿಮಿಷವನ್ನೂ ನೋಡಿದೆವು. 13 ಜಿಬಿಯ ಮೂಲ ಫೈಲ್ ಈಗ ಎರಡು ಡಿಸ್ಕಿನಲ್ಲಿದೆ. ನರಿಯ ಕಥೆ ಇದ್ದದ್ದು ಎರಡನೇ ಟೇಪಿನಲ್ಲಿ.