ಕ್ಯೂಬ್‌ಸಿಟಿಎಲ್ ಸಾಕಾ, ಕೆ9ಎಸ್ ಬೇಕಾ?

ಕುಬರ್ನೆಟಿಸ್ ಅಂದರೆ ಕಂಟೇನರ್‌ಗಳಲ್ಲಿ (ಬೇಕಾದ್ದನ್ನೆಲ್ಲ ಜೊತೆಗೆ ಕಟ್ಟಿಟ್ಟ ಪೊಟ್ಟಣಗಳಲ್ಲಿ) ಓಡುವ ಆ್ಯಪ್‌ಗಳನ್ನು ಕ್ಲಸ್ಟರ್, ಅಂದರೆ ಸರ್ವರ್‌ಗಳ ಗುಂಪಿನ ಮೇಲೆ ನಡೆಸುವ ವ್ಯವಸ್ಥೆ. ಅದನ್ನು ನೋಡಿಕೊಳ್ಳುವವರಿಗೆ ಅದರ ಕಮಾಂಡ್ ಟೂಲ್ ಕ್ಯೂಬ್‌ಸಿಟಿಎಲ್ ಹೇಗೂ ಗೊತ್ತಿರಬೇಕು. ಸ್ಕ್ರಿಪ್ಟ್ ಬರೆಯಲು, ಸಿಐ ಪೈಪ್‌ಲೈನ್‌ನಲ್ಲಿ (ಕೋಡ್ ತಾನಾಗಿ ಬಿಲ್ಡ್, ಟೆಸ್ಟ್ ಆಗುವ ಕಡೆ) ಓಡಿಸಲು ಅದೇ ಸರಿ. ಕೆ9ಎಸ್ ಅಂದರೆ ಅದೇ ಕ್ಲಸ್ಟರನ್ನು ಟರ್ಮಿನಲ್ ಪರದೆಯಲ್ಲಿ ನೋಡುತ್ತಾ, ಕೀ ಒತ್ತಿ ನಿಭಾಯಿಸುವ ಟೂಲ್.

ಆದರೆ ರಾತ್ರಿ ಪಾಡ್ (ಒಟ್ಟಿಗೆ ಓಡುವ ಒಂದೋ ಹಲವೋ ಕಂಟೇನರ್‌ಗಳ ಘಟಕ) ಒಂದು ಕ್ರ್ಯಾಶ್ ಆಗ್ತಾ ಇದೆ ಅಂದುಕೊಳ್ಳಿ. ಕ್ಯೂಬ್‌ಸಿಟಿಎಲ್‌ನಲ್ಲಿ ಮೊದಲು ಪಾಡ್‌ಗಳ ಪಟ್ಟಿ ತೆಗೆಯಬೇಕು, ಉದ್ದದ ಹೆಸರು ಕಾಪಿ ಮಾಡಬೇಕು, ಆಮೇಲೆ ಲಾಗ್ಸ್. ಪಾಡ್‌ನ ಪೂರ್ತಿ ವಿವರ ಕೊಡುವ ಡಿಸ್ಕ್ರೈಬ್‌ಗೆ ಮತ್ತೆ ಅದೇ ಹೆಸರು. ಕೆ9ಎಸ್‌ನಲ್ಲಿ ಪಟ್ಟಿ ಕಣ್ಣೆದುರೇ ಬದಲಾಗುತ್ತಾ ಇರುತ್ತದೆ. ಪಾಡ್ ಮೇಲೆ ನಿಂತು ‘ಎಲ್’ ಒತ್ತಿದರೆ ಲಾಗ್, ‘ಪಿ’ ಒತ್ತಿದರೆ ಹಿಂದೆ ಸತ್ತ ಕಂಟೇನರ್‌ನ ಲಾಗ್, ‘ಡಿ’ಗೆ ಡಿಸ್ಕ್ರೈಬ್, ‘ಎಸ್’ಗೆ ಶೆಲ್. ತೊಂದರೆ ಹುಡುಕುವಾಗ ಈ ವೇಗ ನಿಜಕ್ಕೂ ದೊಡ್ಡದು.

ಕೆ9ಎಸ್‌ಗಾಗಿ ಕ್ಲಸ್ಟರ್‌ನಲ್ಲಿ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಕ್ಲಸ್ಟರ್‌ನ ವಿಳಾಸ, ಲಾಗಿನ್ ವಿವರ ಇರುವ ನಿಮ್ಮ ಕ್ಯೂಬ್‌ಕಾನ್ಫಿಗ್ ಫೈಲನ್ನೇ ಅದೂ ಓದುತ್ತದೆ. ನಿಮಗಿರುವ ಅನುಮತಿಯಷ್ಟೇ ಅದಕ್ಕೂ.

ಅದೇ ವೇಗ ಅಪಾಯವೂ ಹೌದು. ಕಂಟ್ರೋಲ್-ಡಿ ಒತ್ತಿದರೆ ಅಳಿಸುವ ಮೊದಲು ಕೇಳುತ್ತದೆ, ಕಂಟ್ರೋಲ್-ಕೆ ಕೇಳುವುದೇ ಇಲ್ಲ! ಪ್ರೊಡಕ್ಷನ್‌ನಲ್ಲಿ (ಬಳಕೆದಾರರು ನಿಜವಾಗಿ ಬಳಸುವ ಕ್ಲಸ್ಟರ್‌ನಲ್ಲಿ) ರೀಡ್‌ಓನ್ಲಿ, ಅಂದರೆ ನೋಡಲು ಮಾತ್ರ ಬಿಡುವ ಮೋಡ್‌ನಲ್ಲೇ ತೆರೆಯಿರಿ.

ಹೊಸದಾಗಿ ಕಲಿಯುವವರು ಮೊದಲು ಕ್ಯೂಬ್‌ಸಿಟಿಎಲ್ ಕೈಗೆ ಹತ್ತಿಸಿಕೊಳ್ಳಿ. ದಿನವಿಡೀ ಕ್ಲಸ್ಟರ್ ಮುಂದೆ ಕೂರುವವರು ಕೆ9ಎಸ್ ಇವತ್ತೇ ಹಾಕಿಕೊಳ್ಳಿ.