ಫೈಬರ್ ನೆಟ್: ದೊಡ್ಡ ಕಂಪನಿದು ಹಾಕಿಸಿ ನೋಡಿದೆ, ಓಣಿ ಕೇಬಲ್‌ನವಂದೂ ಹಾಕಿಸಿ ನೋಡಿದೆ

ಮೊದಲ ಹೇಳಿಬಿಡ್ತೀನಿ, ನಾ ಈಗ ಓಣಿ ಕೇಬಲ್‌ನವನ ಕಡಿ. ಆದ್ರ ಅದಕ್ಕಿಂತ ಮೊದ್ಲ ಒಂದು ದೊಡ್ಡ ಕಂಪನಿಗೆ ₹3533 ಕಟ್ಟಿ ಕುಂತಿದ್ದೆ. ತಿಂಗಳಿಗೆ 499, ಮ್ಯಾಲೆ 18 ಪರ್ಸೆಂಟ್ ಜಿಎಸ್‌ಟಿ, ಆರು ತಿಂಗಳದ್ದು ಒಮ್ಮೆಲೆ ಕಟ್ಟಿದ್ರ ಇನ್‌ಸ್ಟಾಲೇಶನ್ ಫ್ರೀ ಅಂದ್ರು.

ನಮ್ಮದು ಧಾರವಾಡ ಮಾಳಮಡ್ಡ್ಯಾಗ ಹಳೇ ಮನಿ, ಗ್ವಾಡಿ ಒಂದೂವರಿ ಫೂಟ್ ದಪ್ಪ. ಕಂಪನಿ ಹುಡುಗನ ಡ್ರಿಲ್ ಬಿಟ್ ಗೇಣುದ್ದ ಸೈತ ಇರಲಿಲ್ಲ. "ತೂತು ಬೀಳಂಗಿಲ್ರಿ ಸರ್, ಕಿಡಕ್ಯಾಗಿಂದ ತಗೋತೀನಿ" ಅಂದ, ಚೌಕಟ್ಟಿನ ಮೂಲಿಗೆ ವಾಯರ್ ಮಡಚಿ ಕ್ಲಿಪ್ ಹೊಡದ, ಸ್ಪೀಡ್ ಟೆಸ್ಟ್ ತೋರ್ಸಿದ, ಓಟಿಪಿ ಇಸ್ಕೊಂಡು ಹೋದ.

ಅವತ್ತ ಸಂಜೀಕ ನೆಟ್ ಹೋತು. ಬಾಕ್ಸ್ ಮ್ಯಾಲೆ ಎಲ್‌ಓಎಸ್ (ಅಂದ್ರ ಸಿಗ್ನಲ್ ಇಲ್ಲ) ಅಂತ ಕೆಂಪ್ ಲೈಟ್ ಮಿಣಮಿಣ. ಮುಂಜಾನೆ ನೋಡಿದ್ರ ತಾನ ಬಂದಿತ್ತು, ಸಂಜೀಗೆ ಮತ್ತ ಹೋತು. ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿದ್ರ ದಿನಾ ಅದ ಮಾತು, ರೌಟರ್ ಆಫ್ ಮಾಡಿ ಆನ್ ಮಾಡ್ರಿ. ರಾತ್ರಿ ಕೊಟ್ಟ ಕಂಪ್ಲೇಂಟು ಮುಂಜಾನೆ ಕ್ಲೋಸ್, ಯಾಕಂದ್ರ ಅವರು ನೋಡೂ ಹೊತ್ತಿಗೆ ಲೈನ್ ಚಲೋನ ಇರ್ತಿತ್ತು. ಎಂಟು ದಿನ ಹಿಂಗ. ಕಡೀಕ ಹಿಡದಾಕಿ ನಮ್ಮವ್ವ: "ಸೊಳ್ಳಿ ಬರ್ತಾವಂತ ನಾ ಕಿಡಕಿ ಹಾಕಿದಕೂಡ್ಲೆ ನಿನ್ನ ಡಬ್ಬಿ ಕೆಂಪಾಗ್ತೈತಿ ನೋಡೋ." ತಗದೆ, ಹಸರು. ಹಾಕಿದೆ, ಕೆಂಪು. ಫೈಬರ್ ಒಳಗಿರೂದು ಕೂದಲೆಳಿಯಷ್ಟು ಗಾಜು, ತಾಮ್ರದ ವಾಯರ್ ಗತೆ ಮಡಚಿದ್ರ ಬಾಗಿದಲ್ಲೇ ಬೆಳಕು ಸೋರಿ ಹೋಗ್ತೈತಿ. ಸರಿ ಮಾಡ್ರಿ ಅಂದ್ರ ಶಿಫ್ಟಿಂಗ್ ಚಾರ್ಜ್ ಬ್ಯಾರೆ ಕೇಳಿದ್ರು, ಮ್ಯಾಲೆ ಅವರ ರೆಕಾರ್ಡ್‌ನ್ಯಾಗ "ಮನಿಯವರು ತೂತು ಹಾಕಾಕ ಒಪ್ಪಿಲ್ಲ" ಅಂತ ಬರದಿತ್ತಂತ!

ಕೇಬಲ್‌ನವ ಕನೆಕ್ಷನ್‌ಗೆ ಬಾಕ್ಸ್ ಸಮೇತ 1500 ತಗೊಂಡ, ತಿಂಗಳಿಗೆ ಎಲ್ಲಾ ಸೇರಿ 600. ಅವನ ಹುಡುಗ ಎರಡು ಫೂಟಿನ ಬಿಟ್ ತಂದಿದ್ದ. ಮಳಿ ನೀರು ಒಳಗ ಬರಬಾರದಂತ ತೂತು ಹೊರಗಿನ ಕಡಿ ಇಳಿಜಾರು ಕೊರದ, ಹೊರಗ ವಾಯರ್ ತೂತಿಗಿಂತ ಕೆಳಗ ಒಂದು ಸುತ್ತು ಜೋಲು ಬಿಟ್ಟ. ಜೋಡ್ಸೂಕಿಂತ ಮೊದ್ಲ ವಾಯರ್‌ನ್ಯಾಗ ಬರೂ ಬೆಳಕು ಅಳಿಯೂ ಪವರ್ ಮೀಟರ್ ಹಿಡದು ತೋರ್ಸಿದ, ಮೈನಸ್ 19. ಮೈನಸ್ ಅಂಕಿ ಹೆಚ್ಚಾದಷ್ಟೂ ಬೆಳಕು ಕಮ್ಮಿ. ಮೈನಸ್ 27ರ ಆಸುಪಾಸು ಹೋತಂದ್ರ ಬಾಕ್ಸ್ ಕೈ ಬಿಡ್ತೈತ್ರಿ ಅಂದ. ನಾನೂ ಸುಮ್ನಿರದ ಕಂಪನಿ ವಾಯರಿಗೆ ಹಿಡಿ ಅಂದೆ: ಕಿಡಕಿ ತಗದಾಗ ಮೈನಸ್ 25, ಹಾಕಿದಾಗ ಏನೂ ಇಲ್ಲ.

ಸ್ಪೀಡ್ ಎರಡರಾಗೂ ಒಂದ. ಓಟಿಟಿ ಕಂಪನ್ಯಾಗ ಅಷ್ಟ ಸಿಗ್ತೈತಿ, ನಮ್ಮ ಮನ್ಯಾಗ ನೋಡವ್ರು ಯಾರೂ ಇಲ್ಲ. ಕೇಬಲ್‌ನವ ಪಬ್ಲಿಕ್ ಐಪಿ (ಹೊರಗಿಂದ ಸೀದಾ ನಮ್ಮ ಮನಿ ನೆಟ್‌ಗೆ ಬರೂ ವಿಳಾಸ) ಕೊಡಂಗಿಲ್ಲ, ಮನಿ ಸರ್ವರ್ ಇಟ್ಟವ್ರಿಗೆ ಅದು ತ್ರಾಸ. ಕರೆಂಟ್ ಹೋದಾಗ ಎರಡೂ ನಡೀತಾವು, ನಡುವ ಒಂದು ಲೈನ್ ಹಲವು ಮನಿಗೆ ಹಂಚೂ ಸ್ಪ್ಲಿಟರ್‌ಗೆ ಕರೆಂಟ ಬೇಕಾಗಂಗಿಲ್ಲ, ಅವರ ಆಫೀಸ್‌ನ್ಯಾಗ ಬ್ಯಾಕಪ್, ನಮ್ಮಲ್ಲೊಂದು 12 ವೋಲ್ಟಿನ ಮಿನಿ ಯುಪಿಎಸ್ ಇದ್ರ ಆತು. ವಾಯರ್ ಇಲ್ಲದ 5ಜಿ ನೆಟ್ ಡಬ್ಬಿ ಹುಬ್ಬಳ್ಳಿ ನವನಗರದಾಗ ನಮ್ಮ ಭಾವನ ಮನ್ಯಾಗ ಒಂದ್ ವಾರ ಬಳಸಿ ನೋಡೀನಿ, ಸಂಜಿಮುಂದ ಮೀಟಿಂಗ್‌ನ್ಯಾಗ ಧ್ವನಿ ಹರಿದು ಹರಿದು ಬರ್ತಿತ್ತು, ಬ್ಯಾಡ.

ನಂದು ಬೆಂಗಳೂರು ಆಫೀಸಿನ ಕೆಲಸ, ರಾತ್ರಿ ಒಂಬತ್ತರತನಕ ಕಾಲ್ ಇರ್ತಾವು, ಆರು ತಿಂಗಳ ರೊಕ್ಕ ಒಮ್ಮೆಲೆ ಕಟ್ಟೂದೂ ಭಾರ. ತಿಂಗಳಿಗೆ 11 ರೂಪಾಯಿ ಜಾಸ್ತಿ ಹೋದ್ರ ಹೋಗ್ಲಿ, ಫೋನ್ ಮಾಡಿದ್ರ ಗಾಡಿ ಮ್ಯಾಲೆ ಬರೂ ಮನಷ್ಯಾ ಬೇಕು ನನಗ. ಹೊಸಾ ಅಪಾರ್ಟ್‌ಮೆಂಟಿನ್ಯಾಗ ವಾಯರ್ ಹಾಯಾಕ ಪೈಪ್ ಮೊದ್ಲ ಹಾಕಿರ್ತಾರ, ಅಂಥವ್ರು ಕಂಪನಿದ ತಗೋರಿ, ನಡೀತೈತಿ. ನಂದು ಉಳದ ಐದು ತಿಂಗಳ ರೊಕ್ಕ ಇನ್ನೂ ವಾಪಸ್ ಬಂದಿಲ್ಲ, ಆ್ಯಪ್‌ನ್ಯಾಗ ಆ ಕಂಪ್ಲೇಂಟೂ ಕ್ಲೋಸ್ ಅಂತ ತೋರ್ಸಾಕತ್ತೈತಿ.