ಪಬ್ಲಿಕ್ ಆಪ್ಷನ್ ಮೇಲಾ, ಸಿಂಗಲ್ ಪೇಯರ್ ಮೇಲಾ?

ಅಮೆರಿಕದಲ್ಲಿ ಸುಮಾರು ಅರ್ಧ ಜನರಿಗೆ ಆರೋಗ್ಯ ವಿಮೆ ಸಿಗುವುದು ಕೆಲಸದ ಮೂಲಕ. ಕಾಯಿಲೆ ಬಿದ್ದ ಹೊತ್ತಲ್ಲೇ ಕೆಲಸ ಹೋದರೆ ಗತಿಯೇನು? ಅಲ್ಲಿ ನೆಲೆಸಿ ಮತ ಹಾಕುವ ಕನ್ನಡಿಗರನ್ನೂ ಕಾಡುವ ಪ್ರಶ್ನೆ ಇದು. ಇದಕ್ಕೆ ಹೇಳುವ ಎರಡು ದಾರಿಗಳು ಪಬ್ಲಿಕ್ ಆಪ್ಷನ್ ಮತ್ತು ಸಿಂಗಲ್ ಪೇಯರ್.

ಪಬ್ಲಿಕ್ ಆಪ್ಷನ್ ಎಂದರೆ ಖಾಸಗಿ ವಿಮೆಗಳ ಪಕ್ಕದಲ್ಲೇ ಸರ್ಕಾರದ್ದೂ ಒಂದು. ಬೇಕಾದವರು ಕೊಳ್ಳಬಹುದು, ಬೇಡದವರು ಈಗಿರುವುದನ್ನೇ ಇಟ್ಟುಕೊಳ್ಳಬಹುದು. ತೆರಿಗೆ ಅಷ್ಟೇನೂ ಏರಬೇಕಿಲ್ಲ. ಆದರೆ ವಿಮೆಯ ಕಂತು ಕಟ್ಟುವುದು ತಪ್ಪುವುದಿಲ್ಲ. ಒಬಾಮ ಕಾಲದ 2010ರ ಆರೋಗ್ಯ ವಿಮೆ ಕಾನೂನಿನಿಂದ ಇದನ್ನು ಕೈಬಿಟ್ಟರು, ಸೆನೆಟ್‌ನಲ್ಲಿ ಮತ ಸಾಲಲಿಲ್ಲ. ವಾಷಿಂಗ್ಟನ್ ರಾಜ್ಯ 2021ರಲ್ಲಿ ಇಂಥದ್ದೇ ಒಂದನ್ನು ಶುರು ಮಾಡಿತು. ನಡೆಸುವುದು ಮಾತ್ರ ಖಾಸಗಿ ಕಂಪನಿಗಳೇ. ತಮಗೆ ಸಿಗುವ ದರ ಕಡಿಮೆಯೆಂದು ಕೆಲವು ಆಸ್ಪತ್ರೆಗಳು ಸೇರಲು ಹಿಂದೇಟು ಹಾಕಿದವು. ಮೊದಲ ವರ್ಷ ಕೆಲವು ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥವು) ಅದು ಸಿಗಲೇ ಇಲ್ಲ.

ಸಿಂಗಲ್ ಪೇಯರ್‌ನಲ್ಲಿ ಎಲ್ಲರ ಬಿಲ್ಲನ್ನೂ ಸರ್ಕಾರವೇ ಕಟ್ಟುತ್ತದೆ, ಕೆನಡಾದ ಹಾಗೆ. ಡಾಕ್ಟರು ಸರ್ಕಾರಿ ನೌಕರರೇ ಆಗಬೇಕಿಲ್ಲ. ಕೊಳ್ಳುವವರು ಒಬ್ಬರೇ ಆದ್ದರಿಂದ ದರ ಚೌಕಾಸಿ ಮಾಡುವ ಬಲ ಜಾಸ್ತಿ. ಕಷ್ಟ ಇರುವುದು ತೆರಿಗೆಯಲ್ಲಿ. ವರ್ಮಾಂಟ್ ರಾಜ್ಯ 2011ರಲ್ಲಿ ಇದಕ್ಕಾಗಿ ಕಾನೂನು ಮಾಡಿತು. ಮಾಲೀಕರು ಕೊಡುವ ಸಂಬಳದ ಮೇಲೆ ಶೇ 11.5ರಷ್ಟು ತೆರಿಗೆ ಬೇಕೆಂದು ಲೆಕ್ಕ ಸಿಕ್ಕಿತು. 2014ರಲ್ಲಿ ಗವರ್ನರ್ ಪೀಟರ್ ಶಮ್ಲಿನ್ ಕೈಚೆಲ್ಲಿದರು.

ತೆರಿಗೆ ಏರುತ್ತದೆ ನಿಜ, ಆದರೆ ತಿಂಗಳ ಕಂತು ನಿಲ್ಲುತ್ತದಲ್ವಾ? ಎರಡನ್ನೂ ಕೂಡಿಸಿಯೇ ಲೆಕ್ಕ ಹಾಕಿ. ನನ್ನ ಒಲವು ಸಿಂಗಲ್ ಪೇಯರ್ ಕಡೆಗೆ. ಈಗಿನ ವಿಮೆ ಚೆನ್ನಾಗಿದೆ, ಬಿಡಲಾರೆ ಅನ್ನುವವರಿಗೆ ಪಬ್ಲಿಕ್ ಆಪ್ಷನ್ನೇ ಹೊಂದುತ್ತದೆ.